ಲೇಬಲ್ ಮುಚ್ಚಿ ಬಿಯರ್ ಸವಿದ ಹತ್ತು ವಾರಗಳು

ಮೊದಲ ವಾರ

ಈ ಕೆಲಸ ಶುರುವಾದದ್ದು ನಾನು ಆಡಿದ ಒಂದು ಮಾತಿನಿಂದ. ಗೆಳೆಯನೊಬ್ಬ ತನ್ನ ಎಂದಿನ ಲಾಗರ್ (ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್) ತೆರೆದು ಕುಳಿತಿದ್ದ. ‘ಇದನ್ನು ಹೇಗೆ ಕುಡಿಯುತ್ತೀಯ? ಇದು ಬಿಯರೇ ಅಲ್ಲ’ ಎಂದೆ. ಅವನು ವಾದಕ್ಕೆ ಇಳಿಯಲಿಲ್ಲ. ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ, ಮತ್ತೆ ಮುಟ್ಟಲಿಲ್ಲ. ಅವನು ವರ್ಷಗಟ್ಟಲೆ ಖುಷಿಯಿಂದ ಕುಡಿದದ್ದನ್ನು ಒಂದೇ ಮಾತಿನಲ್ಲಿ ಕೆಡಿಸಿದೆ. ಲೇಬಲ್ ಕಾಣದಿದ್ದರೂ ನನ್ನ ನಾಲಿಗೆ ಇದೇ ತೀರ್ಪು ಕೊಡುತ್ತಿತ್ತೇ ಎಂಬ ಪ್ರಶ್ನೆ ಅಂದಿನಿಂದ ಬಿಟ್ಟಿಲ್ಲ. ಕ್ಷಮೆ ಕೇಳಿ, ಪರೀಕ್ಷೆಗೆ ಅವನನ್ನೇ ಜೊತೆಗೆ ಕರೆದೆ. ಬಡಿಸುವ ಹೊಣೆ ಅವನದು, ಸವಿಯುವವರು ನಾವು ನಾಲ್ವರು.

ಎರಡನೇ ವಾರ

ಬಿಯರ್ ತಯಾರಕರೇ ಬಳಸುವ ತ್ರಿಕೋನ ಪರೀಕ್ಷೆಯನ್ನು ಆರಿಸಿಕೊಂಡೆವು. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದು. ಆ ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಹೊಂದುತ್ತದೆ. ಹಾಗಾಗಿ 12 ಸುತ್ತುಗಳಲ್ಲಿ ಕನಿಷ್ಠ 8 ಸರಿಯಾದರೆ ಮಾತ್ರ ವ್ಯತ್ಯಾಸ ನಿಜಕ್ಕೂ ತಿಳಿಯುತ್ತಿದೆ ಎನ್ನಬಹುದು. ತಲಾ ಎರಡು ಗುಟುಕು ಸಾಕು; ನಡುವೆ ನೀರು.

ಮೊದಲಿಗೆ ಎರಡು ದೊಡ್ಡ ಕಂಪನಿಗಳ ಲಾಗರ್‌ಗಳು. ಒಂದಕ್ಕಾಗಿ ಪ್ರಾಣ ಬಿಡುವವರು ಇನ್ನೊಂದನ್ನು ಮೂಸಿಯೂ ನೋಡುವುದಿಲ್ಲ. ನಮಗೆ ಸರಿಯಾದದ್ದು 12ರಲ್ಲಿ 5.

ನಾಲ್ಕನೇ ವಾರ

ಸಣ್ಣ ತಯಾರಕರ ಪಿಲ್ಸ್‌ನರ್ (ಹೊಂಬಣ್ಣದ, ಕಹಿ ಎದ್ದುಕಾಣುವ ಲಾಗರ್ ಬಗೆ) ಮತ್ತು ಗೆಳೆಯನ ಲಾಗರ್. 12ರಲ್ಲಿ 9 ಸರಿ. ಹಾಪ್ಸ್ ಎಂಬ ಹೂವಿನ ಕಹಿ ನಾಲಿಗೆಯ ಬುಡದಲ್ಲಿ ನಿಲ್ಲುವ ರೀತಿಯೇ ಬೇರೆ. ಕ್ರಾಫ್ಟ್ ಬಿಯರ್‌ನಲ್ಲಿ, ಅಂದರೆ ಸಣ್ಣ ತಯಾರಕರ ಬಿಯರ್‌ನಲ್ಲಿ, ಏನೋ ಇದೆ ಎಂಬ ನನ್ನ ನಂಬಿಕೆ ಸುಳ್ಳಾಗಲಿಲ್ಲ. ಆದರೆ ಯಾವುದು ಇಷ್ಟವಾಯಿತು ಎಂದು ಕೇಳಿದಾಗ ಇಬ್ಬರು ಲಾಗರ್‌ನತ್ತಲೇ ಕೈ ತೋರಿಸಿದರು. ವ್ಯತ್ಯಾಸ ಗೊತ್ತಾದವರೆಲ್ಲರೂ ನನ್ನ ಕಡೆಗೇ ಬರುತ್ತಾರೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ.

ಆರನೇ ವಾರ

ಈ ವಾರದ್ದನ್ನು ಪೂರ್ತಿ ಬರೆದಿಡಬೇಕು. ಗೆಳೆಯ ಎರಡು ಹೂಜಿಗಳನ್ನು ತಂದಿಟ್ಟು, ‘ಎಡಗಡೆಯದು ಕಾರ್ಖಾನೆಯದು, ಬಲಗಡೆಯದು ಸಣ್ಣ ತಯಾರಕರದು’ ಎಂದ. ನನ್ನ ಪುಸ್ತಕದಲ್ಲಿ ಹೀಗಿದೆ: ‘ಎಡ: ತೆಳು, ಚಪ್ಪೆ, ನೊರೆ ಬೇಗ ಇಳಿಯಿತು. 4 ಅಂಕ. ಬಲ: ಧಾನ್ಯದ ತುಂಬು ರುಚಿ, ಕೊನೆಯಲ್ಲಿ ಹೂವಿನ ಕಂಪು. 7 ಅಂಕ.’ ಬರೆದು ಮುಗಿಸಿದ ಮೇಲೆ ಅವನು ಖಾಲಿ ಬಾಟಲಿಗಳನ್ನು ಮೇಜಿನ ಮೇಲಿಟ್ಟ. ಎರಡು ಹೂಜಿಗಳಲ್ಲೂ ಇದ್ದದ್ದು ಅವನ ಲಾಗರ್.

ನಾನು ಸುಳ್ಳು ಬರೆದಿರಲಿಲ್ಲ. ಹೂವಿನ ಕಂಪು ನನಗೆ ನಿಜಕ್ಕೂ ಬಂದಿತ್ತು. ಬಿಯರ್ ಕುರಿತ ಮೇಲರಿಮೆಯ ಬೇರು ಇಲ್ಲೇ ಇದೆ ಎಂದು ಈಗ ಅನ್ನಿಸುತ್ತಿದೆ. ಹೆಸರು ಮೊದಲೇ ಕಿವಿಗೆ ಬಿದ್ದರೆ ನಾಲಿಗೆ ಅದಕ್ಕೆ ತಾಳ ಹಾಕುತ್ತದೆ. ಆ ಎರಡು ಟಿಪ್ಪಣಿಗಳನ್ನು ಹೊಡೆದುಹಾಕದೆ ಹಾಗೆಯೇ ಉಳಿಸಿಕೊಂಡಿದ್ದೇನೆ.

ಏಳನೇ ವಾರ

ರುಚಿ ನೋಡಲಿಲ್ಲ, ಓದಿದೆ. 1838ರಲ್ಲಿ ಬೊಹೀಮಿಯಾದ (ಈಗಿನ ಚೆಕ್ ದೇಶದ) ಪಿಲ್ಸೆನ್ ಊರಿನವರು ಕೆಟ್ಟ ಬಿಯರನ್ನು ಪೀಪಾಯಿಗಟ್ಟಲೆ ಬೀದಿಗೆ ಚೆಲ್ಲಿದರು. ಆಮೇಲೆ ಹೊಸ ತಯಾರಿಕಾ ಘಟಕ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬಾತನನ್ನು ಕರೆಸಿದರು. 1842ರಲ್ಲಿ ಅವನು ತೆಗೆದ ಹೊಂಬಣ್ಣದ ಲಾಗರ್ ಅಂದಿನ ದೊಡ್ಡ ಹೊಸತು. ಇಂದು ನಾವು ‘ಮಾಮೂಲಿ’ ಎನ್ನುವ ಬಿಯರ್‌ಗಳೆಲ್ಲ ಬಹುಮಟ್ಟಿಗೆ ಅದರದೇ ಸಂತತಿ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವುದನ್ನು ಸಾಧಿಸಿದ. ಆ ಯೀಸ್ಟನ್ನು ಬೇರೆ ತಯಾರಕರಿಗೂ ಕೊಟ್ಟರು. ಸಣ್ಣ ತಯಾರಕರೂ ಇಂದು ಶುದ್ಧ ಯೀಸ್ಟನ್ನು ನೆಚ್ಚಿಕೊಂಡಿರುವುದು ದೊಡ್ಡ ಕಾರ್ಖಾನೆಯೊಂದರ ಆ ಕೆಲಸದಿಂದ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1965ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಸ್ಯಾನ್ ಫ್ರಾನ್ಸಿಸ್ಕೋದ ಮುಳುಗುತ್ತಿದ್ದ ಆ್ಯಂಕರ್ ಎಂಬ ಸಣ್ಣ ಬಿಯರ್ ಸಂಸ್ಥೆಯ ಪಾಲು ಕೊಂಡು ಅದನ್ನು ಉಳಿಸಿದ್ದು, 1971ರಲ್ಲಿ ಬ್ರಿಟನ್ನಿನಲ್ಲಿ ಗ್ರಾಹಕರೇ ಸಂಘ ಕಟ್ಟಿ ಪೀಪಾಯಿಯಲ್ಲೇ ಪಕ್ವವಾಗುವ ಏಲ್ ಎಂಬ ಬಗೆಯ ಬಿಯರ್ ಪರವಾಗಿ ನಿಂತದ್ದು, ಇವೆಲ್ಲ ಆಗದೆ ಹೋಗಿದ್ದರೆ ನಮ್ಮ ಮುಂದೆ ಇಷ್ಟು ಬಗೆಯ ಬಿಯರ್ ಇರುತ್ತಿರಲಿಲ್ಲ. ಆ ಹಟಕ್ಕೆ ನಾನು ಋಣಿ. ರುಚಿಗಾಗಿ ಹಟ ಹಿಡಿಯುವುದು ಬೇರೆ, ಎದುರಿಗೆ ಕುಳಿತವನ ಲೋಟವನ್ನು ಹೀಯಾಳಿಸುವುದು ಬೇರೆ.

ಎಂಟನೇ ವಾರ

ಒಂದೇ ಲಾಗರ್‌ನ ಎರಡು ಬಣ್ಣವಿಲ್ಲದ ಗಾಜಿನ ಬಾಟಲಿಗಳಲ್ಲಿ ಒಂದನ್ನು ಕತ್ತಲಲ್ಲಿಟ್ಟು, ಇನ್ನೊಂದನ್ನು ಅರ್ಧ ಗಂಟೆ ಬಿಸಿಲಿಗಿಟ್ಟೆ. 12ರಲ್ಲಿ 12 ಸರಿ. ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ಸಂಯುಕ್ತವಾಗುತ್ತದೆ. ಅದರ ನಾತ ಲೋಟ ಮೂಗಿನ ಹತ್ತಿರ ಬರುವ ಮೊದಲೇ ತಿಳಿಯುತ್ತದೆ. ಕಂದು ಗಾಜು ಇದನ್ನು ಬಹಳ ಮಟ್ಟಿಗೆ ತಡೆಯುತ್ತದೆ. ದೊಡ್ಡವರ ಬಿಯರ್, ಸಣ್ಣವರ ಬಿಯರ್ ಎಂದು ಹಗಲಿಡೀ ಜಗಳವಾಡುವವರು ಬಾಟಲಿ ಎಲ್ಲಿತ್ತು, ಎಷ್ಟು ಹಳೆಯದು ಎಂದು ಕೇಳುವುದೇ ಕಡಿಮೆ.

ಹತ್ತನೇ ವಾರ

ಈ ಸಲ ಸವಿಯುವ ಸರದಿ ಗೆಳೆಯನದು, ಬಡಿಸಿದ್ದು ನಾನು. ಸಣ್ಣ ತಯಾರಕರೊಬ್ಬರ ಲಾಗರನ್ನು ಅವನ ಮುಂದಿಟ್ಟೆ. ನಾಲ್ವರಲ್ಲಿ ನಾವು ಮೂವರು ಅದನ್ನು ‘ತುಂಬು ರುಚಿ’ ಎಂದು ಹೊಗಳಿದ್ದೆವು. ಅವನು ಒಂದು ಗುಟುಕು ಕುಡಿದು, ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮತ್ತೆ ಮೂಸಿ, ‘ಬೆಣ್ಣೆ’ ಎಂದ. ನಾನೂ ಲೋಟ ಬೆಚ್ಚಗಾಗಿಸಿ ಮೂಸಿದೆ. ಹೌದು, ಕರಗಿದ ಬೆಣ್ಣೆ. ಡೈಅಸಿಟೈಲ್: ಹುದುಗುವಾಗ ಯೀಸ್ಟ್‌ನಿಂದಾಗಿ ಹುಟ್ಟುತ್ತದೆ, ಕೊನೆಯಲ್ಲಿ ಕೆಲವು ದಿನ ಕಾದರೆ ಯೀಸ್ಟೇ ಅದನ್ನು ಹೀರಿಕೊಳ್ಳುತ್ತದೆ. ಇಲ್ಲಿ ಆ ಕೆಲವು ದಿನ ಯಾರೂ ಕಾದಿರಲಿಲ್ಲ.

ವರ್ಷಗಟ್ಟಲೆ ಒಂದೇ ತೆಳು ಲಾಗರ್ ಕುಡಿದವನಿಗೆ ಅಲ್ಲಿ ಇರಬಾರದ್ದು ಯಾವುದೆಂದು ಚೆನ್ನಾಗಿ ಗೊತ್ತಿದೆ. ತೆಳುವಾದ ಬಿಯರ್‌ನಲ್ಲಿ ತಪ್ಪು ಅಡಗಿಸಲು ಜಾಗವೇ ಇರುವುದಿಲ್ಲ; ನಾನು ಅದನ್ನು ಚಪ್ಪೆ ಎನ್ನುತ್ತಿದ್ದೆ.

ಮುಂದಿನ ವಾರ ಅವನ ಲಾಗರ್ ಮತ್ತು ನನ್ನ ಪಿಲ್ಸ್‌ನರ್ ಎರಡನ್ನೂ 4 ಡಿಗ್ರಿಯಲ್ಲೊಮ್ಮೆ, 10 ಡಿಗ್ರಿಯಲ್ಲೊಮ್ಮೆ ಸವಿಯಲಿದ್ದೇವೆ. ಥರ್ಮಾಮೀಟರ್ ತರುವುದು ನನ್ನ ಪಾಲಿಗೆ ಬಂದಿದೆ, ಬಡಿಸುವುದು ಮತ್ತೆ ಅವನ ಪಾಲಿಗೆ.