ವಿಶೇಷ ಏನೂ ಇಲ್ಲ

ನಮಗೆ ಮಕ್ಕಳಿಲ್ಲ. ಆಗಲಿಲ್ಲ ಅಂತಲ್ಲ, ಬೇಡ ಅಂತ. ಇಷ್ಟನ್ನೇ ಹದಿಮೂರು ವರ್ಷ ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರು ಇದನ್ನು ಓದಿಕೊಳ್ಳಿ.

ಕೇಳುವ ರೀತಿಯಾದರೂ ನೋಡಿ. "ಏನಮ್ಮಾ, ವಿಶೇಷ?" ಹಾಸನದಲ್ಲಿ ಮದುವೆಯಾದ ಹೆಂಗಸಿಗೆ ವಿಶೇಷ ಅಂದರೆ ಒಂದೇ. ಕಾಫಿ ಕ್ಯೂರಿಂಗ್ ಆಫೀಸಿನಲ್ಲಿ ನನಗೆ ಬಡ್ತಿ ಸಿಕ್ಕಿದ ವಾರ ಪಕ್ಕದ ಬೀದಿಯವರೊಬ್ಬರು ವಿಶೇಷ ಕೇಳಿದರು. ಖುಷಿಯಿಂದ ಬಡ್ತಿ ವಿಷಯ ಹೇಳಿದೆ. "ಅದಲ್ಲಮ್ಮಾ" ಅಂದರು. ಆಮೇಲೆ ದನಿ ತಗ್ಗಿಸಿ, "ಯಾರಲ್ಲಿ ತೊಂದರೆ?" ಕೆಟ್ಟು ನಿಂತ ಮಿಕ್ಸಿ ಬಗ್ಗೆ ಕೇಳಿದ ಹಾಗೆ. ನನ್ನ ಗಂಡನನ್ನು ಯಾರೂ ಏನೂ ಕೇಳಲ್ಲ. ಅವನು ಕಟಿಂಗ್ ಶಾಪಿಗೆ ಹೋದರೆ ಕಟಿಂಗ್ ಮಾಡಿಸಿಕೊಂಡು ಬರುತ್ತಾನೆ, ಅಷ್ಟೆ.

ಆಗದವಳಿಗೆ ಬಂಜೆ ಅನ್ನುವ ಒರಟು ಪದವಿದೆ. ಬೇಡ ಅಂದವಳಿಗೆ ಪದವೇ ಇಲ್ಲ. ಅದಕ್ಕೇ ಜನ ನನ್ನನ್ನೂ ಅದೇ ಗೂಡಿಗೆ ತಳ್ಳಿ ಕನಿಕರ ತೋರಿಸುತ್ತಾರೆ. ಸೀಮಂತದಲ್ಲಿ "ಮಕ್ಕಳೊಂದಿಗರು ಆರತಿಗೆ ಬನ್ನಿ" ಅಂತ ಕರೆದಾಗ ನಾನು ಸುಮ್ನೆ ಎದ್ದು ಊಟದ ಕಡೆ ಹೋಗುತ್ತೇನೆ. ಮೊದಲ ಪಂಕ್ತಿಯಲ್ಲೇ ಜಾಗ ಸಿಗುತ್ತದೆ.

ಸಮಾಧಾನ ಹೇಳುವವರು ಸಾಲುಮರದ ತಿಮ್ಮಕ್ಕನನ್ನು ತರುತ್ತಾರೆ. ಹುಲಿಕಲ್-ಕುದೂರು ರಸ್ತೆಯಲ್ಲಿ ಆಲದ ಮರಗಳನ್ನು ಮಕ್ಕಳ ಹಾಗೆ ಸಾಕಿದವರು ಅವರು. ದೊಡ್ಡ ಜೀವ. ಆದರೆ ಅವರಿಗೆ ಮಕ್ಕಳು ಬೇಕಿತ್ತು, ಆಗಲಿಲ್ಲ. ನನ್ನ ಕಥೆ ಅದಲ್ಲ. ಮನೆ ಮುಂದಿನ ತುಳಸಿಗೆ ನೀರು ಹಾಕುವುದೂ ನನಗೆ ನೆನಪಿರಲ್ಲ. ಇನ್ನು ಎಲ್ಲರೂ ಹೀಗೇ ಅಂದರೆ ಗತಿ ಏನು ಅನ್ನುವವರಿಗೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸಿಗೆ ಸರಾಸರಿ 1.7 ಮಗು. ಈಗಿನ ಜನಸಂಖ್ಯೆ ಹಾಗೇ ಉಳಿಯಲು ಬೇಕಾದ್ದು 2.1. ಮೂರು ನಾಲ್ಕು ಹೆರುತ್ತಿದ್ದವರು ಒಂದು ಎರಡಕ್ಕೆ ನಿಲ್ಲಿಸಿದ್ದೀರಿ. ನಾನು ಮೊದಲೇ ನಿಲ್ಲಿಸಿದೆ. ಸಿಟ್ಟು ನನ್ನ ಮೇಲೆ ಮಾತ್ರ ಯಾಕೆ?

2023ರ ದೀಪಾವಳಿ ಹೊತ್ತು. ಹಾಸನಾಂಬೆ ಬಾಗಿಲು ತೆಗೆದಿದ್ದಳು. ಶಕ್ತಿ ಯೋಜನೆ ಬಂದ ವರ್ಷ, ಬಸ್ಸು ಬಸ್ಸು ಹೆಂಗಸರು. ಸಾವಿರ ರೂಪಾಯಿ ಟಿಕೆಟ್ ದಂಡ ಅಂತ ಅತ್ತೆ ನನ್ನನ್ನು ಧರ್ಮದರ್ಶನದ ಸಾಲಿಗೆ ನಿಲ್ಲಿಸಿದರು. ಒಳಗೆ ಸೊಸೆಕಲ್ಲು ಇದೆ ಗೊತ್ತಲ್ವಾ? ಅತ್ತೆಯ ಏಟು ತಾಳಲಾರದೆ ದೇವಿಯನ್ನು ಕೂಗಿ ಕಲ್ಲಾದ ಸೊಸೆ. ಅದನ್ನು ನೋಡಲು ಅತ್ತೆ ಜೊತೆ ಐದು ಗಂಟೆ ನಿಲ್ಲುವ ಸೊಸೆ ನಾನು.

ಮುಂದೆ ನಿಂತಿದ್ದ ಅರಸೀಕೆರೆ ಕಡೆಯ ಹೆಂಗಸು ತಿರುಗಿ, "ಮಕ್ಳೆಷ್ಟಮ್ಮಾ?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅಂದರು: "ಒಬ್ನೇ ಮಗ. ಏಳನೇ ಕ್ಲಾಸು."

ನಾನು ಕಲ್ಲಾದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಹುಡುಗನಿಗೆ ಲೆಕ್ಕ ಚೆನ್ನಾಗಿ ಬರುತ್ತಂತೆ. ಹುರುಳಿಕಾಳು ಸಾರು ಮಾಡಿದರೆ ಮುಖ ತಿರುಗಿಸುತ್ತಾನಂತೆ. ಅಜ್ಜಿ ಪಕ್ಕವೇ ಮಲಗಬೇಕಂತೆ. ಸಾಲು ಹತ್ತು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಅವನಿಗೆ ಶೀತ ಬಂದು ವಾಸಿಯೂ ಆಯಿತು. ಆಯಮ್ಮನ ಬಾಯಿ ಮುಚ್ಚಿಸಲು ಇಷ್ಟೆಲ್ಲ ಬೇಕಿರಲಿಲ್ಲ.

ಮಗು ಬೇಡ ಅಂತ ಗಂಡನಿಗೆ ಮೊದಲು ಹೇಳಿದ್ದು ನಾನೇ, ಮಹಾರಾಜ ಪಾರ್ಕಿನ ಬೆಂಚಿನ ಮೇಲೆ. ಅವನು ಎಂಟು ದಿನ ಯೋಚಿಸಿ, "ಸರಿ. ಅಮ್ಮನಿಗೆ ನೀನೇ ಹೇಳು" ಅಂದ. ಹೇಳಿದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. "ಹೂಂ" ಅಂದು ಬಿಡಿಸುತ್ತಲೇ ಇದ್ದರು. ಮತ್ತೆ ಆ ಮಾತೇ ಎತ್ತಲಿಲ್ಲ.

ವಯಸ್ಸಾದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂತ ಊರೆಲ್ಲ ಕೇಳುತ್ತದೆ. ನೀನು ಬೇಡ ಅಂದಿದ್ದು ಇನ್ಯಾರಿಗೆ ಬೇಕಿತ್ತು ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಇಷ್ಟು ಜೋರಾಗಿ ಮಾತ್ರ ಹೇಳುತ್ತಿರಲಿಲ್ಲ.

ದರ್ಶನ ಮುಗಿಸಿ ಆಟೋದಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಅವರು ಕಾಫಿಗೆ ಇಟ್ಟರು. ಆ ಹುಡುಗನಿಗೆ ಏನು ಹೆಸರಿಟ್ಟಿದ್ದಾರೆ ಅಂತ ನಾನು ಇವತ್ತಿಗೂ ಕೇಳಿಲ್ಲ.