ಪತ್ತಾರ ಕಾಕಾ ಬೆಸೆದ ಗರಗಸ

18 ಫೆಬ್ರವರಿ 2024, ಭಾನುವಾರ ರಾತ್ರಿ
ಭಾಗ್ಯನಗರ, ಕೊಪ್ಪಳ

ಇವತ್ತು ಸಂಜೆ ಯಂತ್ರ ತಿರುಗಿತು. ಕೈಗೆ ಇನ್ನೂ ಸೀಮೆಎಣ್ಣೆಯ ವಾಸನೆ ಅಂಟಿಕೊಂಡಿದೆ. ಮರೆಯುವ ಮೊದಲು ಎಲ್ಲವನ್ನೂ ಬರೆದಿಡುತ್ತೇನೆ.

ಗವಿಮಠದ ಜಾತ್ರೆ ಮುಗಿದ ವಾರ ಗಂಗಾವತಿಯಿಂದ ಈ ಹಳೆಯ ಬ್ಯಾಂಡ್ ಸಾ ತಂದೆ. ಎರಡು ಚಕ್ರಗಳ ಮೇಲೆ ಬಳೆಯಂತೆ ಸುತ್ತುವ ಹಲ್ಲಿನ ಉಕ್ಕಿನ ಪಟ್ಟಿಯಿಂದ ಕಟ್ಟಿಗೆ ಕೊಯ್ಯುವ ಗರಗಸದ ಯಂತ್ರ ಅದು. ಯಂತ್ರ ಇದ್ದದ್ದು ಎತ್ತಿನ ಗಾಡಿಯ ಗಾಲಿ ಮಾಡುತ್ತಿದ್ದ ಬಡಿಗರ ಮನೆಯಲ್ಲಿ. ಕಾಲುವೆ ಸೀಮೆಯ ಹೊಲಗಳಿಗೆಲ್ಲ ಟ್ರ್ಯಾಕ್ಟರ್ ಬಂದ ಮೇಲೆ ಗಾಲಿ ಕೇಳುವವರಿಲ್ಲದೆ ಯಂತ್ರ ಮೂಲೆ ಸೇರಿತ್ತು. ಮೈಯೆಲ್ಲ ಬೀಡು ಕಬ್ಬಿಣ. ಮೇಲೊಂದು, ಕೆಳಗೊಂದು 18 ಇಂಚಿನ ಚಕ್ರ. ತಯಾರಕರ ಹೆಸರಿನ ತಗಡು ಎಂದೋ ಕಿತ್ತುಹೋಗಿ ನಾಲ್ಕು ತೂತುಗಳಷ್ಟೇ ಉಳಿದಿವೆ. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದನಂತೆ. ಅದರ ಮೇಲೆ ಎರಡು ಸಾವಿರ ಸೇರಿಸಿ 14,000 ರೂಪಾಯಿ ಕೊಟ್ಟೆ. ಅಂಥ ಯಂತ್ರ ಒಡೆದು ಕುಲುಮೆಗೆ ಹೋಗುವುದನ್ನು ಬಡಿಗನ ಮಗನಾಗಿ ನನಗೆ ನೋಡಲಾಗುತ್ತಿರಲಿಲ್ಲ.

ಕೊಳ್ಳುವ ಮುಂಚೆ ಪರೀಕ್ಷಿಸಿದ್ದು ಚಕ್ರಗಳನ್ನು ಮಾತ್ರ. ತುಕ್ಕನ್ನು ಉಜ್ಜಿ ತೆಗೆಯಬಹುದು, ಬೇರಿಂಗ್ ಹೊಸದು ಹಾಕಬಹುದು. ಬಿರುಕು ಬಿಟ್ಟ ಬೀಡಿನ ಚಕ್ರವನ್ನು ಆ ವೇಗದಲ್ಲಿ ಓಡಿಸಿದರೆ ಜೀವಕ್ಕೇ ಕುತ್ತು. ಸುತ್ತಿಗೆಯ ಕಟ್ಟಿಗೆ ಹಿಡಿಯಿಂದ ಚಕ್ರದ ಒಂದೊಂದು ಕಾಲನ್ನೂ ತಟ್ಟಿದೆ. ಗುಡಿಯ ಗಂಟೆಯ ಹಾಗೆ ದನಿ ಎಳೆದುಕೊಂಡು ನಿಂತಿತು. ಒಡಕು ಮಡಕೆಯ ಸದ್ದು ಬಂದಿದ್ದರೆ ಬರಿಗೈಯಲ್ಲಿ ತಿರುಗಿ ಬರುತ್ತಿದ್ದೆ.

ಮೇಜಿನ ತುಕ್ಕು ತೆಗೆಯಲು ಎರಡು ದಿನ ಹಿಡಿಯಿತು. ಸಣ್ಣ ಸ್ಕ್ರೂಗಳನ್ನು ಅವ್ವ ಕೊಟ್ಟ ಹಳೆಯ ಹುಣಸೆಹಣ್ಣಿನ ರಸದಲ್ಲಿ ರಾತ್ರಿಯಿಡೀ ನೆನೆಸಿದೆ. ಮೂರು ಫೇಸಿನ ಮೋಟಾರಿನ ಜಾಗಕ್ಕೆ ಮನೆಯ ಸಿಂಗಲ್ ಫೇಸಿಗೆ ಹೊಂದುವ ಎರಡು ಎಚ್‌ಪಿ ಮೋಟಾರು ಬಂತು. ಚಕ್ರಗಳ ಮೇಲಿನ ರಬ್ಬರು ಕಲ್ಲಾಗಿ ಸೀಳು ಬಿಟ್ಟಿತ್ತು. ಹೊಸ ಪಟ್ಟಿ ಅಂಟಿಸಿ, ಚಕ್ರ ತಿರುಗಿಸುತ್ತಾ ಎಮರಿ ಕಾಗದ ಹಿಡಿದು, ಅಂಚುಗಳಿಗಿಂತ ನಡುಭಾಗ ಕೂದಲೆಳೆಯಷ್ಟು ಉಬ್ಬಿರುವಂತೆ ತಿದ್ದಿದೆ. ಓಡುವ ಪಟ್ಟಿ ಎತ್ತರದ ಕಡೆಗೇ ಏರುತ್ತದೆ. ಗರಗಸ ಚಕ್ರದಿಂದ ಜಾರಿ ಬೀಳದಂತೆ ಹಿಡಿಯುವುದು ಆ ಉಬ್ಬೇ.

ನಿಜವಾದ ಕಷ್ಟ ಕೊಟ್ಟಿದ್ದು ಬ್ಲೇಡು. ಉದ್ದದ ಲೆಕ್ಕ ಸುಲಭ: ಒಂದು ಚಕ್ರದ ಸುತ್ತಳತೆ, ಜೊತೆಗೆ ಎರಡು ಚಕ್ರಗಳ ನಡುಬಿಂದುಗಳ ಅಂತರದ ಎರಡರಷ್ಟು. ಅಂತರ 38 ಇಂಚು, ಹಾಗಾಗಿ ಒಟ್ಟು 132 ಇಂಚಿಗೆ ಅರ್ಧ ಇಂಚು ಹೆಚ್ಚು. ಒಂದು ಅಂಗಡಿಯಲ್ಲಿ ಬೆಸೆಸಿ ತಂದೆ. ಚಾಲೂ ಮಾಡಿದ ಕೂಡಲೇ ಟಕಟಕ ಸದ್ದು. ಬೆಸುಗೆಯ ಕಡೆ ಗಂಟು ಉಳಿದಿತ್ತು, ಎರಡು ತುದಿಗಳೂ ಒಂದೇ ಗೆರೆಯಲ್ಲಿರಲಿಲ್ಲ. ಚಕ್ರ ನಿಮಿಷಕ್ಕೆ 720 ಸುತ್ತು ತಿರುಗುವಾಗ ಆ ಗಂಟು ಸೆಕೆಂಡಿಗೆ ಐದು ಸಲ, ಬ್ಲೇಡು ಅತ್ತಿತ್ತ ಸರಿಯದಂತೆ ಹಿಡಿಯುವ ಗೈಡಿನ ನಡುವೆ ಹಾಯುತ್ತದೆ. ಎರಡನೆಯ ಹಲಗೆ ಕೊಯ್ಯುವಾಗ ಛಟ್ ಎಂದು ಹರಿಯಿತು. ಚಕ್ರದ ಮುಚ್ಚಳ ಹಾಕಿದ್ದರಿಂದ ಉಳಿದೆ. ದುಡ್ಡು ತೆಗೆದುಕೊಂಡು ಇಂಥ ಕೆಲಸ ಮಾಡಿ ಕೊಡುತ್ತಾರಲ್ಲ ಎಂದು ಅವತ್ತು ಬಹಳ ಸಿಟ್ಟು ಬಂದಿತ್ತು.

ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1809ರಲ್ಲೇ ಈ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಆದರೂ ಬಹುಕಾಲ ಅದು ಬಳಕೆಗೆ ಬರಲಿಲ್ಲ, ಬಾಗಿ ಬಾಗಿ ಓಡುವ ಉಕ್ಕಿನ ಪಟ್ಟಿಯ ಬೆಸುಗೆ ನಿಲ್ಲುತ್ತಿರಲಿಲ್ಲ. 1846ರಲ್ಲಿ ಆ ಗಂಟನ್ನು ಬಿಡಿಸಿದವಳು ಫ್ರಾನ್ಸಿನ ಹೆಣ್ಣುಮಗಳು, ಆನ್ ಪೋಲಿನ್ ಕ್ರೆಪಿನ್. ಹರಿದ ಬ್ಲೇಡನ್ನು ಹಿಡಿದು ಕುಳಿತಾಗ ಅವಳ ನೆನಪಾಯಿತು. ಜೊತೆಗೇ ನಮ್ಮ ಓಣಿಯ ಅಕ್ಕಸಾಲಿಗ ಪತ್ತಾರ ಕಾಕಾ ನೆನಪಾದರು. ಜೀವಮಾನವಿಡೀ ಕೂದಲೆಳೆಯಂಥ ಸರಗಳನ್ನು ಬೆಸೆದವರು.

"ಕಾಕಾ, ಇದನ್ನು ಬೆಸೆದು ಕೊಡುತ್ತೀರಾ?" ಎಂದೆ. ಕನ್ನಡಕ ಏರಿಸಿ, ಹರಿದ ತುದಿಯನ್ನು ಉಗುರಿನಿಂದ ಸವರಿ ನೋಡಿದರು. "ತಮ್ಮಾ, ಇವರು ತುದಿಗೆ ತುದಿ ಅಂಟಿಸಿದ್ದಾರೆ. ಹಿಡಿತ ಎಲ್ಲಿಂದ ಬರಬೇಕು?"

ಎರಡೂ ತುದಿಗಳನ್ನು ಅರದಿಂದ ಓರೆಯಾಗಿ ಸವೆಸಿದರು. ಒಂದರ ಮೇಲೊಂದು ಇಟ್ಟರೆ ಪಟ್ಟಿಯ ದಪ್ಪ ಎಲ್ಲೂ ಹೆಚ್ಚಬಾರದು. ಹಲ್ಲುಗಳ ಅಂತರ ಎಣಿಸಿ ಸರಿಹೊಂದಿಸಿದರು. ಬಿಳಿಗಾರವನ್ನು ನೀರಲ್ಲಿ ತೇಯ್ದು ಹಚ್ಚಿ, ನಡುವೆ ಬೆಳ್ಳಿಯ ಬೆಸುಗೆಯ ತೆಳು ತುಣುಕಿಟ್ಟು ಉರಿ ಹಿಡಿದರು. ಬಿಳಿಗಾರ ಮೊದಲು ಅರಳಿನಂತೆ ಉಬ್ಬಿತು, ಆಮೇಲೆ ಕರಗಿ ಗಾಜಿನಂತೆ ಹೊಳೆಯಿತು. ಉಕ್ಕು ಕೆಂಪೇರುತ್ತಲೇ ಬೆಳ್ಳಿ ಸರಕ್ಕನೆ ಸಂದಿನೊಳಗೆ ಹರಿಯಿತು. ನಾನು ನೀರಿನ ಬಟ್ಟಲಿಗೆ ಕೈಚಾಚಿದೆ. "ಬೇಡ ಬೇಡ. ಬಿಸಿ ಉಕ್ಕಿಗೆ ನೀರು ತಾಗಿದರೆ ಮುರುಕಾಗುತ್ತದೆ," ಎಂದು ಉರಿಯನ್ನು ದೂರ ದೂರ ಸರಿಸುತ್ತಾ ನಿಧಾನ ಆರಿಸಿದರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ತಮ್ಮ ಮಣೆಯ ಒಂದು ಕಾಲು ಅಲುಗುತ್ತದೆ, ಅದನ್ನು ಮಾಡಿಕೊಡು ಎಂದರು. ನಾಳೆಯೇ ಮಾಡುತ್ತೇನೆ.

ಇವತ್ತು ಬ್ಲೇಡು ಏರಿಸಿ, ಬಿಗಿ ಕೊಟ್ಟು, ಮೊದಲು ಕೈಯಿಂದಲೇ ಹತ್ತು ಸುತ್ತು ತಿರುಗಿಸಿದೆ. ಹಿಂದಿನ ಬೇರಿಂಗಿಗೂ ಬ್ಲೇಡಿನ ಬೆನ್ನಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಬಿಟ್ಟೆ. ಖಾಲಿ ಓಡುವಾಗ ತಾಗಬಾರದು, ಕಟ್ಟಿಗೆ ಒತ್ತಿದಾಗ ಮಾತ್ರ ಆನಬೇಕು. ಗುಂಡಿ ಒತ್ತಿದೆ. ಟಕಟಕ ಇಲ್ಲ, ಒಂದೇ ಸಮನೆ ಗುಂಯ್ ಎನ್ನುವ ದನಿ. ಅವ್ವ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು.

ಗಾಲಿಯ ಬಾಗು ತುಂಡಿಗೆ ಗೆರೆ ಎಳೆಯಲು ಅಪ್ಪ ಇಟ್ಟುಕೊಂಡಿದ್ದ ಮಾದರಿ ಅಚ್ಚು ಇಷ್ಟು ವರ್ಷ ಗೋಡೆಗೆ ತೂಗುತ್ತಿತ್ತು. ಅಂಥ ಆರು ಬಾಗು ತುಂಡು ಸೇರಿದರೆ ಒಂದು ಗಾಲಿಯ ಸುತ್ತು. ಅಪ್ಪ ಅದನ್ನು ಕೈಗರಗಸ, ಬಾಚಿಗಳಲ್ಲೇ ತೆಗೆಯುತ್ತಿದ್ದರು. ಅಚ್ಚನ್ನು ಜಾಲಿಯ ದಿಮ್ಮಿಯ ಮೇಲಿಟ್ಟು ಪೆನ್ಸಿಲ್ ಎಳೆದು, ಗೆರೆಯ ಹೊರಗೇ ನಿಧಾನವಾಗಿ ಕೊಯ್ದೆ. ಕೆಂಪು ಹೊಟ್ಟು ಕಾಲ ಮೇಲೆ ಬಿಸಿಬಿಸಿ ಬಿತ್ತು. ತುಂಡನ್ನು ಅಚ್ಚಿನ ಮೇಲಿಟ್ಟು ಬೆಳಕಿಗೆ ಹಿಡಿದೆ. ಅವ್ವ ಅಂಚಿನುದ್ದಕ್ಕೂ ಬೆರಳಾಡಿಸಿ, ಎಡಗಡೆಯ ತುದಿಯಲ್ಲಿ ನಿಲ್ಲಿಸಿ, "ಇಲ್ಲಿ ಒಂದು ಉಗುರಿನಷ್ಟು ಹೆಚ್ಚಿದೆ ನೋಡು," ಎಂದಳು. ಇತ್ತು.