ಯಾವ ದೂರಕ್ಕೆ ಬೇಕು ಲೆನ್ಸ್?

ಪೊರೆ ಆಪರೇಷನ್ ಆಯಿತು ಅಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು, "ಎಷ್ಟರ ಲೆನ್ಸ್ ಹಾಕಿಸಿದ್ರಿ?" ಅಂತ. ಯಾವ ದೂರದ್ದು ಚೆನ್ನಾಗಿ ಕಾಣುವ ಹಾಗೆ ಹಾಕಿಸಿದಿರಿ ಅಂತ ಯಾರೂ ಕೇಳುವುದಿಲ್ಲ. ಅಪ್ಪನ ಬಲಗಣ್ಣಿಗೆ ಈ ವರ್ಷ ಆಪರೇಷನ್ ಮಾಡಿಸುವ ಮುಂಚೆ ಸಿಕ್ಕಿದ್ದನ್ನೆಲ್ಲ ಓದಿದೆ, ಡಾಕ್ಟರ ತಲೆಯನ್ನೂ ತಿಂದೆ. ದುಡ್ಡಿನ ಪ್ರಶ್ನೆಗಿಂತ ದೂರದ ಪ್ರಶ್ನೆಯೇ ದೊಡ್ಡದು ಅಂತ ನನಗೆ ಖಾತ್ರಿಯಾಯಿತು. ನಿಮ್ಮ ಮನೆಯಲ್ಲೂ ಯಾರಿಗಾದರೂ ಪೊರೆ ಬಂದಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಅಪ್ಪ ಶಿಡ್ಲಘಟ್ಟದಲ್ಲಿ ರೀಲರ್. ಹುಡುಗನಾಗಿದ್ದಾಗಿನಿಂದ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ. ಬಿಸಿನೀರಿನ ಬೇಸಿನ್‌ನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಒಂದೊಂದರ ಎಳೆಯೂ ಕೂದಲಿಗಿಂತ ತೆಳು. ತುಂಡಾದರೆ ಹುಡುಕಿ ಕೂಡಿಸಬೇಕು. ಶೆಡ್ಡಿನಲ್ಲಿ ಬೆಳಕು ಕಮ್ಮಿ, ನೀರು ಮಬ್ಬು, ಮೇಲೆ ಆವಿ ಬೇರೆ. ಕನ್ನಡಕ ಹಾಕಿಕೊಂಡರೆ ಒಂದು ನಿಮಿಷದಲ್ಲಿ ಆವಿ ಹಿಡಿಯುತ್ತದೆ. ಅಪ್ಪನ ಕಣ್ಣಿಗೂ ಎಳೆಗೂ ನಡುವೆ ಇರುವುದು ಸುಮಾರು ಎರಡಡಿ. ಪೇಪರ್ ಓದುವಷ್ಟು ಹತ್ತಿರವೂ ಅಲ್ಲ, ಬಸ್ಸಿನ ಬೋರ್ಡ್ ನೋಡುವಷ್ಟು ದೂರವೂ ಅಲ್ಲ.

ಮೊದಲು ಹೋದ ಬೆಂಗಳೂರಿನ ಆಸ್ಪತ್ರೆಯಲ್ಲಿ ಈ ವಿಷಯ ಯಾರೂ ಕೇಳಲಿಲ್ಲ. ಕೌನ್ಸೆಲಿಂಗ್ ರೂಮಿನಲ್ಲಿ ಕೂರಿಸಿ ಪ್ಯಾಕೇಜ್‌ಗಳ ಪಟ್ಟಿ ಮುಂದಿಟ್ಟರು. ಕೆಳಕ್ಕೆ ಹೋದಂತೆ ರೇಟು ಏರುತ್ತಿತ್ತು. "ಇದನ್ನ ಹಾಕಿಸಿಕೊಂಡರೆ ಕನ್ನಡಕವೇ ಬೇಡ" ಅಂತ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅದು ಮಲ್ಟಿಫೋಕಲ್.

ಅದರ ಕೆಲಸ ಹೇಗೆ ಅಂತ ಸ್ವಲ್ಪ ತಿಳಿದುಕೊಳ್ಳಬೇಕು. ಮಾಮೂಲಿ ಲೆನ್ಸ್ ಮೊನೊಫೋಕಲ್. ಬಂದ ಬೆಳಕನ್ನೆಲ್ಲ ಒಂದೇ ದೂರಕ್ಕೆ ಸರಿಹೊಂದಿಸುತ್ತದೆ. ಮಲ್ಟಿಫೋಕಲ್ ಲೆನ್ಸಿನ ಮೇಲೆ ಸಾಮಾನ್ಯವಾಗಿ ಸಣ್ಣ ಸಣ್ಣ ಉಂಗುರಗಳಿರುತ್ತವೆ. ಅವು ಬೆಳಕನ್ನು ಹಂಚುತ್ತವೆ, ಒಂದು ಪಾಲು ದೂರಕ್ಕೆ, ಒಂದು ಪಾಲು ಹತ್ತಿರಕ್ಕೆ. ಹಂಚಿದ ಮೇಲೆ ಪ್ರತಿ ದೂರಕ್ಕೂ ಸಿಗುವ ಬೆಳಕು ಕಮ್ಮಿಯೇ ಅಲ್ವಾ? ಅಕ್ಷರ ಕಾಣುತ್ತದೆ, ಆದರೆ ಬೆಳಕಿಗೂ ನೆರಳಿಗೂ ಇರುವ ಸೂಕ್ಷ್ಮ ವ್ಯತ್ಯಾಸ ಸ್ವಲ್ಪ ಮಸುಕಾಗಬಹುದು. ಮಬ್ಬು ಬೆಳಕಿನಲ್ಲಿ ಅದು ಜಾಸ್ತಿ ಗೊತ್ತಾಗುತ್ತದೆ. ಮಬ್ಬು ನೀರಿನಲ್ಲಿ ತೆಳು ಎಳೆ ಹುಡುಕುವವನಿಗೆ ಇದನ್ನು ಹೇಗೆ ಹಾಕಿಸುವುದು?

ನಮ್ಮ ಚಿಕ್ಕಪ್ಪನಿಗೆ ಮಲ್ಟಿಫೋಕಲ್ ಇದೆ. ಹೂವಿನ ವ್ಯಾಪಾರ. ಬೆಳಗಿನ ಜಾವ ತಾವೇ ಟೆಂಪೊ ಓಡಿಸಿಕೊಂಡು ಬೆಂಗಳೂರಿಗೆ ಹೋಗುತ್ತಾರೆ. ಹಗಲಲ್ಲಿ ಲೆಕ್ಕದ ಪುಸ್ತಕ, ಫೋನು ಎಲ್ಲ ಕನ್ನಡಕವಿಲ್ಲದೆ ಓದುತ್ತಾರೆ, ಅದರಲ್ಲಿ ಖುಷಿಯೇ. ಆದರೆ ಕತ್ತಲಲ್ಲಿ ಹೈವೇ ಹತ್ತಿದರೆ ಎದುರು ಬರುವ ಪ್ರತಿ ಲೈಟಿನ ಸುತ್ತಲೂ ಬಳೆ ಬಳೆಯಾಗಿ ಕಾಣುತ್ತದಂತೆ. ತಿಂಗಳುಗಟ್ಟಲೆ ಕಳೆದರೆ ಮೆದುಳು ಒಗ್ಗಿಕೊಳ್ಳುತ್ತದೆ ಅಂದಿದ್ದರು. ಬಹಳ ಜನರಿಗೆ ಹಾಗೇ ಆಗುತ್ತದೆ. ಚಿಕ್ಕಪ್ಪನಿಗೆ ಪೂರ್ತಿ ಹೋಗಿಲ್ಲ. ರಾತ್ರಿ ಗಾಡಿ ಓಡಿಸುತ್ತೀರಾ ಅಂತ ಆಪರೇಷನ್ನಿಗೆ ಮುಂಚೆ ಒಂದು ಮಾತು ಕೇಳಬೇಕಿತ್ತು. ಅದಕ್ಕೆ ನನಗೆ ಈಗಲೂ ಕೋಪವಿದೆ. ನಮ್ಮ ಸ್ಕೂಲಿನ ರಿಟೈರ್ಡ್ ಮೇಡಂ ಒಬ್ಬರಿಗೂ ಇಂಥದ್ದೇ ಲೆನ್ಸ್. ಅವರು ರಾತ್ರಿ ಹೊರಗೆ ಹೋಗುವುದೇ ಇಲ್ಲ, ದಿನವಿಡೀ ಓದು. ಅವರಿಗೆ ಅದು ವರವಾಗಿದೆ. ಲೆನ್ಸಿನದೇನೂ ತಪ್ಪಿಲ್ಲ.

ಎರಡನೇ ಡಾಕ್ಟರು ಮೊದಲು ಕೇಳಿದ್ದೇ, "ಏನ್ ಕೆಲಸ ಮಾಡ್ತೀರಾ ಯಜಮಾನ್ರೇ?" ಅಪ್ಪ ಕೈ ಚಾಚಿ, ಎಳೆ ಹಿಡಿಯುವ ಹಾಗೆ ತೋರಿಸಿದರು. ಡಾಕ್ಟರು ಅಪ್ಪನ ಕಣ್ಣಿಂದ ಕೈವರೆಗೆ ಇಂಚು ಪಟ್ಟಿ ಹಿಡಿದು ಅಳೆದುಬಿಟ್ಟರು. ನನಗೆ ಅಲ್ಲೇ ನಂಬಿಕೆ ಬಂತು.

ಅವರು ಹೇಳಿದ್ದು ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಮೊನೊಫೋಕಲ್ ಲೆನ್ಸನ್ನು ಸಾಮಾನ್ಯವಾಗಿ ದೂರ ಕಾಣುವ ಹಾಗೆ ಲೆಕ್ಕ ಹಾಕುತ್ತಾರೆ. ಹಾಗೇ ಹಾಕಬೇಕು ಅಂತ ಕಡ್ಡಾಯವಿಲ್ಲ. ಅದೇ ಲೆನ್ಸು, ಅದೇ ರೇಟು, ಪವರ್ ಮಾತ್ರ ಬೇರೆ ಆರಿಸಿಕೊಂಡರೆ ಹತ್ತಿರಕ್ಕೋ ನಡುವಿನ ದೂರಕ್ಕೋ ಕೂರಿಸಬಹುದು. ನಾನು ವಿಜ್ಞಾನ ಪಾಠ ಹೇಳುವವಳು, ಲೆಕ್ಕ ತಕ್ಷಣ ಹೊಳೆಯಿತು. ಕಣ್ಣಿನಲ್ಲಿ ಬೇಕಂತಲೇ ಮೈನಸ್ 1.5 ಡಯಾಪ್ಟರ್ (ಪವರ್ ಅಳೆಯುವ ಮಾನ) ಉಳಿಸಿದರೆ, 1 ಮೀಟರನ್ನು 1.5ರಿಂದ ಭಾಗಿಸಿದಾಗ ಬರುವ ದೂರ ಸುಮಾರು 67 ಸೆಂಟಿಮೀಟರ್. ಅಪ್ಪನ ಎರಡಡಿಗೆ ಬಹಳ ಹತ್ತಿರ!

ಹಾಗಾಗಿ ಒಂದು ಕಣ್ಣು ದೂರಕ್ಕೆ, ಇನ್ನೊಂದು ನೂಲಿಗೆ ಅಂತ ತೀರ್ಮಾನವಾಯಿತು. ಇದಕ್ಕೆ ಮೊನೊವಿಷನ್ ಅನ್ನುತ್ತಾರೆ. ಎರಡು ಕಣ್ಣಿನ ನಡುವೆ ವ್ಯತ್ಯಾಸ ತುಂಬಾ ಜಾಸ್ತಿಯಾದರೆ ತಲೆ ತಿರುಗಿದ ಹಾಗಾಗಬಹುದು, ಆಳದ ಅಂದಾಜೂ ತಪ್ಪಬಹುದು. ಅಪ್ಪನಿಗೆ ಟ್ರಯಲ್ ಫ್ರೇಮಿನಲ್ಲಿ ಎರಡು ಬೇರೆ ಗಾಜು ಹಾಕಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಾಡಿಸಿ, ಮೆಟ್ಟಿಲು ಇಳಿಸಿ ನೋಡಿದರು. "ಆಗುತ್ತೆ ಬಿಡಮ್ಮ" ಅಂದರು ಅಪ್ಪ.

ಇಡಾಫ್ ಅನ್ನುವ ಲೆನ್ಸಿನ ಮಾತೂ ಬಂತು. ದೂರದಿಂದ ಕೈಯಳತೆಯವರೆಗೆ ನೋಟವನ್ನು ಎಳೆದು ಕೊಡುತ್ತದೆ. ಮಲ್ಟಿಫೋಕಲ್‌ನಷ್ಟು ಉಂಗುರಗಳ ಕಾಟ ಸಾಮಾನ್ಯವಾಗಿ ಇರುವುದಿಲ್ಲ, ಸಣ್ಣ ಅಕ್ಷರಕ್ಕೆ ಕನ್ನಡಕ ಬೇಕಾಗಬಹುದು. ಕಂಪ್ಯೂಟರ್ ಮುಂದೆ ಕೂರುವವರಿಗೆ ಚೆನ್ನ. ಆದರೆ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಅದು ರೆಟಿನಾವನ್ನು, ಅಂದರೆ ಕಣ್ಣಿನ ಒಳಗಿನ ಹಿಂಪದರವನ್ನು, ಹಾಳುಮಾಡಬಹುದು. ಈಗ ಚೆನ್ನಾಗಿದೆ, ಮುಂದೆ ಹಾಗೇ ಇರುತ್ತದೆ ಅಂತ ಯಾರು ಹೇಳಬಲ್ಲರು? ರೆಟಿನಾ ಹಾಳಾದ ಕಣ್ಣಿಗೆ ಬೆಳಕು ಹಂಚುವ ಲೆನ್ಸ್ ಇನ್ನೂ ತೊಂದರೆ. ಸರಳ ಲೆನ್ಸೇ ಕ್ಷೇಮ ಅಂದರು. ಟೋರಿಕ್ ಅನ್ನುವ ಲೆನ್ಸ್ ಬೇಕಾಗಲಿಲ್ಲ. ಅದು ಕಣ್ಣಿನ ಮುಂಭಾಗದ ವಕ್ರತೆ ಒಂದೊಂದು ಕಡೆ ಒಂದೊಂದು ಥರ ಇರುವವರಿಗೆ. ಸರಿಯಾದ ಕೋನದಲ್ಲೇ ಕೂರಬೇಕು. 1 ಡಿಗ್ರಿ ತಿರುಗಿದರೂ ಸುಮಾರು 3 ಪರ್ಸೆಂಟ್ ಪರಿಣಾಮ ಹೋಗುತ್ತದೆ.

ಅಗ್ಗದ ಲೆನ್ಸ್ ಅಂದರೆ ಮೂಗು ಮುರಿಯುವವರಿಗೆ ನಮ್ಮ ಸೋದರತ್ತೆಯನ್ನು ತೋರಿಸುತ್ತೇನೆ. ವರ್ಷಗಳ ಹಿಂದೆ ಉಚಿತ ಕ್ಯಾಂಪಿನಲ್ಲಿ ಹಾಕಿದ್ದು, ಮಡಚಲಾಗದ, ಪಿಎಂಎಂಎ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸ್. ಅದನ್ನು ಕೂರಿಸಲು ಸುಮಾರು 6 ಮಿಲಿಮೀಟರ್ ಗಾಯ ಬೇಕು. ಮಡಚುವ ಲೆನ್ಸಿಗೆ 3 ಮಿಲಿಮೀಟರಿಗಿಂತ ಕಮ್ಮಿ ಸಾಕು, ಗಾಯ ಬೇಗ ಆರುತ್ತದೆ. ಆದರೂ ಅತ್ತೆ ಇವತ್ತಿಗೂ ರಾಗಿಯಲ್ಲಿ ಕಲ್ಲು ಆರಿಸುತ್ತಾರೆ, ಓದುವ ಕನ್ನಡಕ ಹಾಕಿಕೊಂಡು. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಸಲ ಮನುಷ್ಯರ ಕಣ್ಣಿಗೆ ಲೆನ್ಸ್ ಹಾಕಿದ್ದು ಇದೇ ಪಿಎಂಎಂಎಯಿಂದ ಮಾಡಿದ್ದು. ಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಲ್ಲಿ ಸೇರಿದರೂ ಕಣ್ಣು ಕೆರಳದೆ ಇದ್ದದ್ದನ್ನು ಅವರು ಗಮನಿಸಿದ್ದರು. ನಮ್ಮ ದೇಶದಲ್ಲಿ 1992ರಲ್ಲಿ ಮದುರೆಯ ಅರವಿಂದ್ ಕಣ್ಣಾಸ್ಪತ್ರೆಯವರು ಆರೋಲ್ಯಾಬ್ ಶುರು ಮಾಡಿ ಕಮ್ಮಿ ಬೆಲೆಗೆ ಲೆನ್ಸ್ ತಯಾರಿಸಿದ ಮೇಲೆ, ಅತ್ತೆಯಂಥವರ ಕೈಗೂ ಲೆನ್ಸ್ ಎಟುಕುವ ದಾರಿಯಾಯಿತು. ಅದಕ್ಕೂ ಮುಂಚೆ ಪೊರೆ ತೆಗೆಸಿದ ಬಹಳ ಜನರಿಗೆ ಸೋಡಾಬುಡ್ಡಿ ಕನ್ನಡಕವೇ ಗತಿ. ನನ್ನ ಅಜ್ಜಿಯ ಮುಖ ನೆನೆದರೆ ಈಗಲೂ ಮೊದಲು ಕಾಣುವುದು ಆ ಕನ್ನಡಕ.

ಅತ್ತೆಗೆ ನಡುವೆ ಮತ್ತೆ ಮಂಜಾಯಿತು. ಪೊರೆ ಮತ್ತೆ ಬೆಳೆದಿದೆ ಅಂತ ಹೆದರಿದ್ದರು. ಪೊರೆ ವಾಪಸ್ ಬರುವುದಿಲ್ಲ. ಲೆನ್ಸ್ ಕೂತಿರುವ ತೆಳು ಚೀಲದ ಹಿಂಭಾಗ ಮಸುಕಾಗಿರುತ್ತದೆ. ಯಾಗ್ ಲೇಸರ್‌ನಲ್ಲಿ ಕೆಲವೇ ನಿಮಿಷದ ಕೆಲಸ. ಈಗಿನ ಹೈಡ್ರೊಫೋಬಿಕ್ ಅಕ್ರಿಲಿಕ್ (ಅಷ್ಟಾಗಿ ನೀರು ಹೀರದ ಪ್ಲಾಸ್ಟಿಕ್), ಚೌಕ ಅಂಚಿನ ಲೆನ್ಸುಗಳಲ್ಲಿ ಈ ತೊಂದರೆ ಕಮ್ಮಿ. ಜಾಸ್ತಿ ದುಡ್ಡು ಕೊಡುವುದಿದ್ದರೆ ನಾನು ಇದಕ್ಕೆ ಕೊಡುತ್ತೇನೆ. ಅಪ್ಪನಿಗೂ ಅದನ್ನೇ ಹಾಕಿಸಿದೆವು.

ಇನ್ನೊಂದು ವಿಷಯ, ಕಣ್ಣಿನ ಅಳತೆ. ಕಣ್ಣಿನ ಉದ್ದ ಅಳೆಯುವುದರಲ್ಲಿ 1 ಮಿಲಿಮೀಟರ್ ತಪ್ಪಿದರೆ ಪವರ್‌ನಲ್ಲಿ ಸುಮಾರು 2.5 ಡಯಾಪ್ಟರ್ ಹೆಚ್ಚುಕಮ್ಮಿಯಾಗುತ್ತದೆ. ಎಷ್ಟೇ ದುಬಾರಿ ಲೆನ್ಸಾದರೂ ಆಗ ದಂಡ. ಅಳತೆಯ ದಿನ ಅವಸರ ಮಾಡಬೇಡಿ. ಅನುಮಾನ ಬಂದರೆ ಇನ್ನೊಮ್ಮೆ ಅಳೆಯಲು ಕೇಳಿ, ಸಂಕೋಚ ಬೇಡ.

ಅಪ್ಪನ ಬಲಗಣ್ಣು ದೂರಕ್ಕೆ ಚೆನ್ನಾಗಿ ಕೂತಿದೆ. ಗೂಡಿನ ಮಾರ್ಕೆಟ್ಟಿನಲ್ಲಿ ಆ ಕೊನೆಯಲ್ಲಿ ನಿಂತವರ ಮುಖ ಕಾಣುತ್ತಿದೆ ಅಂತಾರೆ. ನೂಲಿನ ಕಣ್ಣು ಎಡಗಣ್ಣು, ಅದರ ಆಪರೇಷನ್ ದಸರಾ ಕಳೆದ ಮೇಲೆ. ಆಸ್ಪತ್ರೆಯವರು ಲೆನ್ಸಿನ ಕಾರ್ಡ್ ಕೊಟ್ಟಿದ್ದಾರೆ. ಅದರ ಸ್ಟಿಕರ್‌ನಲ್ಲಿ ಮಾಡೆಲ್, ಪವರ್, ಸೀರಿಯಲ್ ನಂಬರ್ ಎಲ್ಲ ಇದೆ. ಎರಡನೇ ಕಣ್ಣಿನ ಲೆಕ್ಕ ಹಾಕುವಾಗ ಅದು ಬೇಕು. ಫೋಟೊ ತೆಗೆದು ಮನೆಯವರೆಲ್ಲರ ಫೋನಿಗೂ ಕಳಿಸಿ, ಕಾರ್ಡನ್ನು ಅಪ್ಪನ ಆಧಾರ್ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ.